ಕಬಿನಿ ದಂಡೆಯ ಕರ್ನಲ್

ಮೈಸೂರಿನಿಂದ ಮಾನಂದವಾಡಿ ರಸ್ತೆ ಹಿಡಿದು, ಹ್ಯಾಂಡ್‌ಪೋಸ್ಟ್ ದಾಟಿ, ಅಂತರಸಂತೆ ದಾಟಿ ಹೋದರೆ ಕಬಿನಿ ಹಿನ್ನೀರಿನ ಅಂಚಿನಲ್ಲಿ ಕಾರಾಪುರ ಸಿಗುತ್ತದೆ. ಹೆಗ್ಗಡದೇವನಕೋಟೆ ತಾಲ್ಲೂಕಿನ ಈ ಸಣ್ಣ ಊರಿಗೆ ಎರಡನೇ ಮಹಾಯುದ್ಧದ ಇಬ್ಬರು ಯೋಧರ ನಂಟಿದೆ. ಒಬ್ಬ ಇಲ್ಲಿ ಹುಟ್ಟಿ ಬಲುದೂರ ಹೋದವನು. ಇನ್ನೊಬ್ಬರು ಎಲ್ಲೋ ಹುಟ್ಟಿ, ಇಲ್ಲಿಗೆ ಬಂದು, ಇಲ್ಲೇ ಹಣ್ಣಾಗಿ, ಇಲ್ಲೇ ಕಣ್ಣು ಮುಚ್ಚಿದವರು.

ಹೋದವನ ಹೆಸರು ಸಾಬು. 1924ರ ಜನವರಿಯಲ್ಲಿ ಕಾರಾಪುರದ ಮಾವುತನೊಬ್ಬನ ಮಗನಾಗಿ ಹುಟ್ಟಿದ. ಚಿಕ್ಕಂದಿನಲ್ಲೇ ತಬ್ಬಲಿಯಾದ. ಮೈಸೂರು ಅರಮನೆಯ ಆನೆಗಳ ನಡುವೆ ಬೆಳೆಯುತ್ತಿದ್ದ ಈ ಹುಡುಗ ರಾಬರ್ಟ್ ಫ್ಲಾಹರ್ಟಿಯ ಚಿತ್ರತಂಡದ ಕಣ್ಣಿಗೆ ಬಿದ್ದು, 1937ರಲ್ಲಿ ತೆರೆಕಂಡ ‘ಎಲಿಫೆಂಟ್ ಬಾಯ್’ ಚಿತ್ರದಿಂದ ಜಗತ್ತಿಗೆಲ್ಲ ಪರಿಚಿತನಾದ. ಮುಂದೆ ಲಂಡನ್, ಅಲ್ಲಿಂದ ಹಾಲಿವುಡ್. ಯುದ್ಧ ಬಂದಾಗ ಅಮೆರಿಕದ ವಾಯುಪಡೆ ಸೇರಿ ಬಿ-24 ಬಾಂಬರ್ ವಿಮಾನದಲ್ಲಿ ಬಂದೂಕುಗಾರನಾಗಿ ಪೆಸಿಫಿಕ್ ಸಾಗರದ ಮೇಲೆ ಹಾರಿದ, ಶೌರ್ಯಪದಕ ಪಡೆದ. 1963ರಲ್ಲಿ, ಇನ್ನೂ ನಲವತ್ತು ತುಂಬುವ ಮೊದಲೇ, ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡ. ಅವನ ಕತೆ ಇಷ್ಟಕ್ಕೇ ಮುಗಿಯುವಂಥದ್ದಲ್ಲ. ಆದರೆ ನಾನು ಬರೆಯಲು ಕೂತಿರುವುದು ಇಲ್ಲಿಗೆ ಬಂದವರ ಬಗ್ಗೆ.

ಅವರು ಕರ್ನಲ್ ಜಾನ್ ಫೆಲಿಕ್ಸ್ ವೇಕ್‌ಫೀಲ್ಡ್. ಕಾರಾಪುರದ ಕಬಿನಿ ರಿವರ್ ಲಾಡ್ಜ್‌ನ ನೌಕರರಿಗೆ, ಜೀಪು ಓಡಿಸುವವರಿಗೆ, ವರ್ಷ ವರ್ಷವೂ ಮರಳಿ ಬರುವ ಅತಿಥಿಗಳಿಗೆ ಅವರು ‘ಪಾಪಾ’. 1916ರ ಮಾರ್ಚ್ 21ರಂದು ಬಿಹಾರದ ಗಯಾದಲ್ಲಿ ಹುಟ್ಟಿದ ಈ ಇಂಗ್ಲಿಷ್ ಮನೆತನದ ಮಗು ಬೆಳೆದದ್ದು ಬೇಟೆಯ ಲೋಕದಲ್ಲಿ. ಮೀಸೆ ಮೂಡುವ ಮೊದಲೇ ಹುಲಿ ಹೊಡೆದ ಹುಡುಗ ಅವರು. ಆ ಕಾಲದ ಸಾಹೇಬರ ಮಕ್ಕಳಿಗೆ, ಸಂಸ್ಥಾನದ ರಾಜಕುಮಾರರಿಗೆ ಅದು ಅಕ್ಷರಾಭ್ಯಾಸದಷ್ಟೇ ಸಹಜವಾದ ಸಂಗತಿ. ಇಂಗ್ಲೆಂಡಿನಲ್ಲಿ ಓದಿ ಹಿಂದಿರುಗಿದರು. ಯುದ್ಧಕಾಲದಲ್ಲಿ ಇಲ್ಲಿನ ಸೇನೆಗೆ ಸೇರಿದರು. 1947ರಲ್ಲಿ ಅವರಂಥ ಸಾವಿರಾರು ಮಂದಿ ಹಡಗು ಹತ್ತಿ ಹೋದಾಗ ಅವರು ಇಂಡಿಯಾದಲ್ಲೇ ನಿಂತರು. ಅರವತ್ತು ದಾಟಿದ ಮೇಲೆ, ಉಳಿದವರು ಊರಿನ ಮನೆಯ ಜಗಲಿಯಲ್ಲಿ ಕೂರುವ ವಯಸ್ಸಿನಲ್ಲಿ, ಕಾರಾಪುರಕ್ಕೆ ಬಂದರು. ಅವರು ಬಂದು ಇಳಿದ ಕಾಡು ಎಂಥದ್ದು, ಅದರ ಮೇಲೆ ಅದಾಗಲೇ ಏನೇನು ನಡೆದುಹೋಗಿತ್ತು ಎಂಬುದನ್ನು ಹೇಳದೆ ಅವರ ಕೊನೆಯ ಮೂವತ್ತು ವರ್ಷಗಳ ಬೆಲೆ ತಿಳಿಯುವುದಿಲ್ಲ.

ಈ ಸೀಮೆಯ ಹಳೆಯ ಹೆಸರು ಕಾಕನಕೋಟೆ. ಮಾಸ್ತಿಯವರ ನಾಟಕದಿಂದ, ಅದನ್ನು ಸಿ.ಆರ್. ಸಿಂಹ ತೆರೆಗೆ ತಂದ ಸಿನಿಮಾದಿಂದ ಕನ್ನಡಿಗರ ನಾಲಗೆಯ ಮೇಲೆ ಉಳಿದ ಹೆಸರು. ಹೈದರಾಲಿ ಇಲ್ಲಿ ಆನೆಗಳನ್ನು ಹಿಂಡುಗಟ್ಟಲೆ ಹಿಡಿಯಲು ಹೋಗಿ ಸೋತ. ಇನ್ನು ಮುಂದೆ ಈ ಕೆಲಸಕ್ಕೆ ಕೈಹಾಕುವವರಿಗೆಲ್ಲ ಶಾಪ ಹಾಕಿ ಕಲ್ಲಿನ ಮೇಲೆ ಕೊರೆಸಿದ ಎಂದು ಜಿ.ಪಿ. ಸ್ಯಾಂಡರ್ಸನ್ ತನ್ನ ಪುಸ್ತಕದಲ್ಲಿ ಬರೆದಿಟ್ಟಿದ್ದಾನೆ. ಆ ಶಾಪವನ್ನು ಮುರಿದವನೂ ಸ್ಯಾಂಡರ್ಸನ್‌ನೇ. ಮೈಸೂರು ಸರ್ಕಾರದ ಕಾಲುವೆ ಇಲಾಖೆಯಲ್ಲಿದ್ದ ಈ ಯುವಕ 1874ರಲ್ಲಿ ಚಾಮರಾಜನಗರದ ಬಳಿ ಐವತ್ತಕ್ಕೂ ಹೆಚ್ಚು ಆನೆಗಳನ್ನು ಒಂದೇ ಸಲಕ್ಕೆ ಆವರಣಕ್ಕೆ ಕೂಡಿದ. ಅಲ್ಲಿಂದ ಮುಂದೆ ಸುಮಾರು ನೂರು ವರ್ಷ ಮೈಸೂರಿನ ಖೆಡ್ಡಾ ಜಗತ್ಪ್ರಸಿದ್ಧವಾಯಿತು.

ಖೆಡ್ಡಾ ಎಂದರೆ ಬರೀ ಗುಂಡಿ ತೋಡಿ ಆನೆ ಬೀಳಿಸುವುದಲ್ಲ. ಮೊದಲು ಹಿಂಡಿನ ಜಾಡು ಹಿಡಿಯಬೇಕು. ಅದು ಜೇನುಕುರುಬರ, ಬೆಟ್ಟಕುರುಬರ ಕೆಲಸ. ಲದ್ದಿಯ ಬಿಸಿ, ಮುರಿದ ಬಿದಿರಿನ ಹಸಿ, ಕೆಸರಿನ ಮೇಲಿನ ಹೆಜ್ಜೆಯ ಅಂಚು ನೋಡಿ ಹಿಂಡು ಎಷ್ಟು ಹೊತ್ತಿಗೆ ಹಾದುಹೋಯಿತು, ಮರಿ ಎಷ್ಟಿವೆ ಎಂದು ಅವರು ಹೇಳಬೇಕು. ಆಮೇಲೆ ನೂರಾರು ಜನ ಕಾಡನ್ನು ಸುತ್ತುವರಿದು, ಹಗಲು ತಮಟೆ ಬಡಿದು, ರಾತ್ರಿ ಬೆಂಕಿ ಹಾಕಿ, ದಿನಗಟ್ಟಲೆ ಆ ಸುತ್ತನ್ನು ಕಿರಿದುಗೊಳಿಸುತ್ತ ಬರುತ್ತಿದ್ದರು. ಕಾಕನಕೋಟೆಯಲ್ಲಿ ಹಿಂಡನ್ನು ಕಬಿನಿಯ ನೀರಿಗೇ ಇಳಿಸಿ, ಹೊಳೆ ದಾಟಿಸಿ, ಆಚೆ ದಂಡೆಯ ದಿಮ್ಮಿಗಳ ಆವರಣಕ್ಕೆ ನುಗ್ಗಿಸುತ್ತಿದ್ದರು. ಹಿಂದೆ ಬಾಗಿಲು ಬೀಳುತ್ತಿತ್ತು. ನಂತರ ಪಳಗಿದ ಕುಮ್ಕಿ ಆನೆಗಳ ಮೇಲೆ ಮಾವುತರು ಒಳಹೊಕ್ಕು ಒಂದೊಂದೇ ಆನೆಯ ಕಾಲಿಗೆ ಹಗ್ಗ ಬಿಗಿಯುತ್ತಿದ್ದರು. ಮಹಾರಾಜರ ಅತಿಥಿಗಳು ಇದನ್ನೆಲ್ಲ ನೋಡಲು ಗ್ಯಾಲರಿಯಲ್ಲಿ ಕೂರುತ್ತಿದ್ದರು. 1922ರಲ್ಲಿ ಮೈಸೂರಿಗೆ ಬಂದ ವೇಲ್ಸ್ ರಾಜಕುಮಾರನಿಗೂ ಖೆಡ್ಡಾ ತೋರಿಸಲಾಯಿತು. ಇಂಥ ಅತಿಥಿಗಳು ತಂಗಲೆಂದೇ ಕಾರಾಪುರದ ಹೊಳೆದಂಡೆಯಲ್ಲಿ ಬಂಗಲೆಗಳಿದ್ದವು. ಅವುಗಳಲ್ಲಿ ಒಂದಕ್ಕೆ ಈಗಲೂ ವೈಸರಾಯ್ ಬಂಗಲೆ ಎಂದೇ ಹೆಸರು.

ಆನೆಯನ್ನು ಹಿಡಿಯುತ್ತಿದ್ದರೆ ಹುಲಿಯನ್ನು ಹೊಡೆಯುತ್ತಿದ್ದರು. 1875ರಿಂದ 1925ರವರೆಗಿನ ಐವತ್ತು ವರ್ಷಗಳಲ್ಲಿ ಇಂಡಿಯಾದಲ್ಲಿ 80,000ಕ್ಕೂ ಹೆಚ್ಚು ಹುಲಿ, 1,50,000ಕ್ಕೂ ಹೆಚ್ಚು ಚಿರತೆ ಹತವಾದವು ಎಂಬುದು ಇತಿಹಾಸಕಾರ ಮಹೇಶ್ ರಂಗರಾಜನ್ ಅವರು ಸರ್ಕಾರಿ ಬಹುಮಾನದ ದಾಖಲೆಗಳಿಂದ ತೆಗೆದ ಲೆಕ್ಕ. ಈ ಬೇಟೆಯ ದೊಡ್ಡದೊಂದು ಪಾಲು ಕೊನೆಗೆ ಬಂದು ಸೇರುತ್ತಿದ್ದುದು ನಮ್ಮ ಮೈಸೂರಿಗೇ. ವ್ಯಾನ್ ಇಂಗೆನ್ ಮನೆತನದ ಕಾರ್ಖಾನೆಯಲ್ಲಿ ಹದಮಾಡಿದ ಹುಲಿ, ಚಿರತೆ, ಕಾಟಿಗಳ ತಲೆಗಳು ದೇಶದ ಅರಮನೆಗಳ, ಇಂಗ್ಲೆಂಡಿನ ಮಹಲುಗಳ ಗೋಡೆ ಏರಿದವು. ಇದೇ ಸಂಸ್ಥೆಯ ಹೆಸರಿನಲ್ಲಿ 1948ರಲ್ಲಿ ಮುಂಬೈಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಒಂದು ಟಿಪ್ಪಣಿ ಬಂತು. ಇಂದಿನ ಛತ್ತೀಸ್‌ಗಢದ ಕೊರಿಯಾ ಸಂಸ್ಥಾನದ ರಾಜ ಒಂದೇ ರಾತ್ರಿ ಹೊಡೆದ ಮೂರು ಚೀತಾಗಳ ಸುದ್ದಿ ಅದು. ನಮ್ಮ ನೆಲದಲ್ಲಿ ಚೀತಾ ಇದ್ದದ್ದಕ್ಕೆ ಸಿಕ್ಕುವ ಕೊನೆಯ ದಾಖಲೆಗಳಲ್ಲಿ ಒಂದು. ಪತ್ರಿಕೆಯ ಸಂಪಾದಕರು ಅದನ್ನು ಅಚ್ಚಿಸುವಾಗ ತಮಗಾದ ಹೇಸಿಗೆಯನ್ನು ಜೊತೆಗೇ ಅಚ್ಚಿಸಿದರು. ಬೇಟೆಯ ಗತ್ತು ಒಳಗಿನಿಂದಲೇ ಬಿರುಕು ಬಿಡತೊಡಗಿದ್ದ ಕಾಲ ಅದು.

ಆ ಬಿರುಕು ಮೈಸೂರಿನಲ್ಲೂ ಕಾಣುತ್ತದೆ. ಒಡೆಯರ ಬೇಟೆಯ ಕಾಡಾಗಿದ್ದ ಬಂಡೀಪುರದ 90 ಚದರ ಕಿಲೋಮೀಟರ್ ಜಾಗವನ್ನು 1931ರಲ್ಲೇ ಅಭಯಾರಣ್ಯ ಮಾಡಲಾಗಿತ್ತು. ಹತ್ತು ವರ್ಷದ ಮೇಲೆ ಅದು ಬೆಳೆದು ವೇಣುಗೋಪಾಲ ವನ್ಯಜೀವಿ ಉದ್ಯಾನವಾಯಿತು. 1952ರಲ್ಲಿ ವನ್ಯಜೀವಿಗಳಿಗಾಗಿ ಭಾರತ ಸರ್ಕಾರ ಕಟ್ಟಿದ ಮಂಡಳಿಯ ಮೊದಲ ಸಭೆ ಸೇರಿದ್ದೂ ಮೈಸೂರಿನಲ್ಲಿಯೇ, ಜಯಚಾಮರಾಜ ಒಡೆಯರ ಅಧ್ಯಕ್ಷತೆಯಲ್ಲಿ. ಸ್ವತಃ ಬೇಟೆಗಾರರಾಗಿದ್ದವರು ಅವರು. ಬೇಟೆಗಾರನೇ ಕಾವಲುಗಾರನಾಗುವ ಈ ದಾರಿ ವೇಕ್‌ಫೀಲ್ಡ್ ಒಬ್ಬರದಲ್ಲ, ಆ ಒಂದು ತಲೆಮಾರಿನದು.

ಕಾಕನಕೋಟೆಯ ಪಾಲಿಗೆ ಎಲ್ಲವೂ ತಲೆಕೆಳಗಾದದ್ದು 1971ರಿಂದ 1974ರವರೆಗಿನ ನಾಲ್ಕು ವರ್ಷಗಳಲ್ಲಿ. 1971ರಲ್ಲಿ ಕೊನೆಯ ಖೆಡ್ಡಾ ನಡೆಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಹುಲಿಬೇಟೆ ಅಪರಾಧವಾಯಿತು. ಆ ವರ್ಷದ ಗಣತಿಯಲ್ಲಿ ಇಡೀ ದೇಶದಲ್ಲಿ ಸಿಕ್ಕ ಹುಲಿಗಳ ಸಂಖ್ಯೆ 1,827. 1973ರ ಏಪ್ರಿಲ್‌ನಲ್ಲಿ ಹುಲಿ ಯೋಜನೆ ಶುರುವಾದಾಗ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದಾಯಿತು. 1974ರಲ್ಲಿ ಬೀಚನಹಳ್ಳಿಯ ಅಣೆಕಟ್ಟೆ ಮುಗಿದು, 19.52 ಟಿಎಂಸಿ ನೀರು ನಿಲ್ಲುವ ಕಬಿನಿ ಜಲಾಶಯ ತುಂಬಿತು. ಹಳ್ಳಿಗಳು, ಗದ್ದೆಗಳು, ಬಿದಿರಿನ ಮೆಳೆಗಳು, ಖೆಡ್ಡಾ ನಡೆಯುತ್ತಿದ್ದ ಹೊಳೆಯಂಗಳ, ಮಾಸ್ತಿಗುಡಿ, ಎಲ್ಲವೂ ನೀರಿನಡಿಗೆ ಹೋದವು. ಹೈದರನ ಕಾಲದಿಂದ ಆನೆಯ ಮೇಲೆ ಕಣ್ಣಿಟ್ಟಿದ್ದ ನಾಡು ಅದೇ ಆನೆಯ ದಾರಿಗೆ ಅಡ್ಡಲಾಗಿ ಒಂದು ಸಮುದ್ರ ತಂದು ನಿಲ್ಲಿಸಿತು.

ಆದರೆ ಆ ನೀರು ಯಾರೂ ಎಣಿಸದ ಒಂದು ಕೆಲಸ ಮಾಡಿತು. ಶಿವರಾತ್ರಿ ಕಳೆದು ಬೇಸಗೆ ಬಲಿತಂತೆ ಕಾಲುವೆಗಳಿಗೆ ನೀರು ಹರಿದು ಜಲಾಶಯ ಇಳಿಯುತ್ತದೆ. ಇಳಿದಷ್ಟೂ ತೇವದ ನೆಲ ಮೇಲೇಳುತ್ತದೆ, ಆ ನೆಲದ ಮೇಲೆ ಎಳೆ ಹುಲ್ಲು ಚಿಗುರುತ್ತದೆ. ಸುತ್ತಣ ಕಾಡೆಲ್ಲ ಒಣಗಿ ಕಡ್ಡಿಯಾಗಿರುವ ಹೊತ್ತಿಗೆ ಬಂಡೀಪುರದಿಂದ, ನಾಗರಹೊಳೆಯಿಂದ, ವಯನಾಡಿನಿಂದ ಆನೆಗಳು ಈ ಹಸಿರಿಗೆ ಇಳಿದು ಬರುತ್ತವೆ. ಏಷ್ಯಾದ ಆನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಒಂದೆಡೆ ಸೇರುವುದು ಲೋಕದಲ್ಲೇ ಅಪರೂಪ.

ಇದನ್ನು ದೂರದಿಂದ ಬಂದವರಿಗೆ ತೋರಿಸಬಹುದು, ಅದರಿಂದ ಕಾಡೂ ಉಳಿಯಬಹುದು, ಸರ್ಕಾರಕ್ಕೆ ಆದಾಯವೂ ಬರಬಹುದು ಎಂಬ ಯೋಚನೆ ಮೊಳೆತದ್ದು ಆಮೇಲೆ. ನೇಪಾಳದ ಚಿತ್ವನ್ ಕಾಡಿನಲ್ಲಿ ಟೈಗರ್ ಟಾಪ್ಸ್ ಎಂಬ ಸಂಸ್ಥೆ 1960ರ ದಶಕದಿಂದಲೇ ಇಂಥದ್ದನ್ನು ನಡೆಸುತ್ತಿತ್ತು. ಬಂದೂಕು ಕೆಳಗಿಟ್ಟಿದ್ದ ವೇಕ್‌ಫೀಲ್ಡ್ ಆ ಸಂಸ್ಥೆಯ ಬಳಗದವರು. 1980ರಲ್ಲಿ ಕುಶಾಲನಗರದ ಆರ್. ಗುಂಡೂರಾವ್ ಮುಖ್ಯಮಂತ್ರಿಯಾದರು. ಅದೇ ವರ್ಷ ಕರ್ನಾಟಕ ಸರ್ಕಾರವೂ ಟೈಗರ್ ಟಾಪ್ಸ್ ಸಂಸ್ಥೆಯೂ ಪಾಲುದಾರರಾಗಿ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಹುಟ್ಟಿತು. ಕಾರಾಪುರದ ಹಳೆಯ ಬೇಟೆ ಬಂಗಲೆಗಳಿಗೆ ಮತ್ತೆ ಸುಣ್ಣ ಬಿತ್ತು, ಅವೇ ಕಬಿನಿ ರಿವರ್ ಲಾಡ್ಜ್ ಆದವು. ವೇಕ್‌ಫೀಲ್ಡ್ ಅಲ್ಲಿ ಬಂದು ನೆಲೆಸಿದರು. 1987ರಲ್ಲಿ ಟೈಗರ್ ಟಾಪ್ಸ್ ತನ್ನ ಪಾಲು ಬಿಟ್ಟುಕೊಟ್ಟು ಹೋಯಿತು, ಸಂಸ್ಥೆ ಪೂರ್ತಿ ಸರ್ಕಾರದ್ದಾಯಿತು. ಕಂಪನಿ ಹೋದರೂ ಕರ್ನಲ್ ಹೋಗಲಿಲ್ಲ.

ನನ್ನ ಮಟ್ಟಿಗೆ ಅವರ ಬಾಳಿನ ದೊಡ್ಡ ತಿರುವು ಇದೇ. ಹುಲಿ ಹೊಡೆಯುವುದನ್ನು ಬಿಟ್ಟವರು ಆ ತಲೆಮಾರಿನಲ್ಲಿ ಬಹಳ ಮಂದಿ ಇದ್ದಾರೆ, ಕಾಯ್ದೆಯೇ ಬಿಡಿಸಿತು. ಬಿಟ್ಟ ಮೇಲೆ ಹಲವರು ಪಟ್ಟಣದ ಕ್ಲಬ್ಬಿನಲ್ಲಿ ಕೂತು ಹಳೆಯ ಬೇಟೆಯನ್ನು ನೆನೆಯುತ್ತ ಕಾಲ ಕಳೆದರು. ವೇಕ್‌ಫೀಲ್ಡ್ ಕಾಡಿನ ಬಾಯಿಗೆ ಬಂದು ಕೂತರು. ಎಪ್ಪತ್ತು ದಾಟಿ, ಎಂಬತ್ತು ದಾಟಿ, ತೊಂಬತ್ತಕ್ಕೆ ಬಂದರೂ ಅಲ್ಲಿಯೇ ಇದ್ದರು. ಬೆಳಗಿನ ಸಫಾರಿ, ಸಂಜೆಯ ಸಫಾರಿ, ಹೊಳೆದಂಡೆಯ ಗೋಲ್‌ಘರ್ ಎಂಬ ಊಟದ ಮನೆಯಲ್ಲಿ ಅತಿಥಿಗಳ ಜೊತೆ ಊಟ, ಮಾತು. ಇಡೀ ಜಾಗಕ್ಕೆ ಅವರ ಶಿಸ್ತಿನ ಛಾಪು ಬಿತ್ತು. ಬೇಟೆಗಾರನಿಗೆ ಬೇಕಾದ ಗುಣಗಳು, ಅಂದರೆ ಗಾಳಿ ಯಾವ ಕಡೆಯದು ಎಂದು ನೋಡುವುದು, ಮುಸುವ ಕೂಗಿದರೆ ಕಿವಿಗೊಡುವುದು, ಕಡವೆಯ ಎಚ್ಚರಿಕೆಯ ದನಿಗೂ ಜಿಂಕೆಯ ದನಿಗೂ ವ್ಯತ್ಯಾಸ ಹಿಡಿಯುವುದು, ಗಂಟೆಗಟ್ಟಲೆ ಅಲುಗದೆ ಕಾಯುವುದು, ಇವೇ ಪ್ರಾಣಿ ತೋರಿಸುವವನಿಗೂ ಬೇಕು. ಕೊನೆಗೆ ಬಂದೂಕಿನ ಕುದುರೆ ಎಳೆಯುವ ಗಳಿಗೆ ಮಾತ್ರ ಇಲ್ಲ. ಆ ವಿದ್ಯೆಯನ್ನು ಅವರು ಸುತ್ತಲ ಹಳ್ಳಿಗಳಿಂದ, ಪಟ್ಟಣಗಳಿಂದ ಬಂದ ಯುವಕರ ಕೈಗೆ ದಾಟಿಸಿದರು. ಕರ್ನಾಟಕದಲ್ಲಿ ಕಾಡು ತೋರಿಸುವುದು ಒಂದು ಉದ್ಯೋಗವಾಗಿ ಬೆಳೆದದ್ದರ ಬೇರು ಕಾರಾಪುರದಲ್ಲಿದೆ.

ಆದರೆ ಇದೇ ವರ್ಷಗಳಲ್ಲಿ, ಇದೇ ಕಾಡಿನಲ್ಲಿ, ಇನ್ನೊಂದು ಕತೆ ನಡೆಯುತ್ತಿತ್ತು. ಅದನ್ನು ಬಿಟ್ಟು ಕರ್ನಲ್ ಅವರನ್ನಷ್ಟೇ ನೆನೆದರೆ ನೆನಪು ಅರೆಬರೆಯಾಗುತ್ತದೆ. ಖೆಡ್ಡಾಕ್ಕೆ ಜಾಡು ಹಿಡಿದುಕೊಟ್ಟವರು, ಸಾಹೇಬರ ಬೇಟೆಗೆ ಕಾಡು ಸೋಹಿದವರು, ಸಿಕ್ಕ ಆನೆಗೆ ಮಾವುತರಾಗಿ, ಕಾವಾಡಿಗಳಾಗಿ ಮಾತು ಕಲಿಸಿದವರು ಜೇನುಕುರುಬರು, ಬೆಟ್ಟಕುರುಬರು. ಕಾಡು ಅಭಯಾರಣ್ಯವಾಗಿ, ಆಮೇಲೆ ರಾಷ್ಟ್ರೀಯ ಉದ್ಯಾನವಾದಂತೆ ಅವರ ಹಾಡಿಗಳು ಒಂದೊಂದಾಗಿ ಹೊರಬಂದವು. ಕರ್ನಾಟಕ ಹೈಕೋರ್ಟ್ ರಚಿಸಿದ ಸಮಿತಿಯೊಂದು, ಮೈಸೂರು ವಿಶ್ವವಿದ್ಯಾನಿಲಯದ ಪ್ರೊ. ಮುಜಾಫರ್ ಅಸ್ಸಾದಿಯವರ ನೇತೃತ್ವದಲ್ಲಿ, 2014ರಲ್ಲಿ ಕೊಟ್ಟ ವರದಿ ಹೀಗೆ ನೆಲೆ ಕಳೆದುಕೊಂಡ 3,418 ಆದಿವಾಸಿ ಕುಟುಂಬಗಳನ್ನು ಗುರುತಿಸಿತು. ನಾಗರಹೊಳೆಯ ಒಳಗೆ, ಮೂರ್ಕಲ್ಲಿನಲ್ಲಿ, ದೊಡ್ಡ ಹೋಟೆಲ್ ಸಂಸ್ಥೆಯೊಂದಕ್ಕೆ ಸರ್ಕಾರ ಗುತ್ತಿಗೆ ಕೊಟ್ಟಾಗ ಆದಿವಾಸಿಗಳು ಎದ್ದು ನಿಂತರು. ನಮ್ಮನ್ನು ಹೊರಗೆ ಕಳಿಸಿದ ಕಾಡಿನೊಳಗೆ ಹೋಟೆಲಿಗೆ ಹೇಗೆ ಜಾಗ ಎಂಬುದು ಅವರ ಸರಳ ಪ್ರಶ್ನೆಯಾಗಿತ್ತು. 1997ರಲ್ಲಿ ಹೈಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು.

ಪಂಡಿತರ ನಡುವೆ ಈ ವಿಷಯದಲ್ಲಿ ಒಮ್ಮತವಿಲ್ಲ. ರಾಜರು ಬೇಟೆಗೆಂದು ಕಾದಿಟ್ಟ ಕಾಡುಗಳೇ ಇಂದಿನ ಹುಲಿ ಕಾಡುಗಳ ಅಡಿಪಾಯ, ಅವಿಲ್ಲದಿದ್ದರೆ ಬಂಡೀಪುರವೂ ಕಾಕನಕೋಟೆಯೂ ಸೌದೆಯಾಗಿ, ಹೊಲವಾಗಿ ಹೋಗುತ್ತಿದ್ದವು ಎನ್ನುವವರು ಒಂದು ಕಡೆ. ರಾಮಚಂದ್ರ ಗುಹಾ ಅವರಂಥ ಇತಿಹಾಸಕಾರರು ಇನ್ನೊಂದು ಪ್ರಶ್ನೆ ಎತ್ತಿದರು: ಕಾಡಿನ ಜೊತೆ ಬದುಕಿದವರನ್ನು ಹೊರಗಿಟ್ಟು, ದೂರದಿಂದ ನೋಡಲು ಬರುವವರಿಗೆ ಬಾಗಿಲು ತೆರೆಯುವುದು ಯಾವ ನ್ಯಾಯ? ನನಗೆ ಎರಡೂ ಮಾತಿನಲ್ಲಿ ಸತ್ಯ ಕಾಣುತ್ತದೆ. ನಾಗರಹೊಳೆಯಲ್ಲಿ ಕಳ್ಳಬೇಟೆಗಾರರ ಎದುರು ವರ್ಷಗಟ್ಟಲೆ ನಿಂತ ರೇಂಜರ್ ಕೆ.ಎಂ. ಚಿಣ್ಣಪ್ಪನವರಂಥವರ ನಿಷ್ಠುರತೆ ಇಲ್ಲದಿದ್ದರೆ ವೇಕ್‌ಫೀಲ್ಡ್ ಅವರ ಜೀಪಿನಲ್ಲಿ ಕೂತವರಿಗೆ ತೋರಿಸಲು ಹುಲಿಯೇ ಉಳಿಯುತ್ತಿರಲಿಲ್ಲ. ಹಾಗೆಯೇ, ಆ ಜೀಪಿನವರು ಓದುತ್ತಿದ್ದ ಜಾಡಿನ ವಿದ್ಯೆ ಮೊದಲು ಹುಟ್ಟಿದ್ದು ಹಾಡಿಗಳಲ್ಲಿ. ವಿದ್ಯೆ ಕಾಡಿನೊಳಗೆ ಉಳಿದು, ವಿದ್ಯೆ ಕಟ್ಟಿದವರ ಮನೆ ಹೊರಗೆ ಹೋದದ್ದು ನೋವಿನ ಸಂಗತಿ. ಆ ನೋವಿಗೆ ಇನ್ನೂ ಮದ್ದು ಸಿಕ್ಕಿಲ್ಲ.

ಕರ್ನಲ್ ವೇಕ್‌ಫೀಲ್ಡ್ 2010ರ ಏಪ್ರಿಲ್ 26ರಂದು, ತೊಂಬತ್ತನಾಲ್ಕರ ವಯಸ್ಸಿನಲ್ಲಿ, ಕಬಿನಿಯಲ್ಲೇ ತೀರಿಕೊಂಡರು. ಹಿನ್ನೀರು ಇಳಿದು ಆನೆಗಳು ಬರುವ ತಿಂಗಳು ಅದು. ಅವರು ಹುಟ್ಟಿದಾಗ ಹುಲಿ ಹೊಡೆಯುವುದು ಹೆಮ್ಮೆಯಾಗಿತ್ತು. ಹೋದಾಗ ಹುಲಿಯ ನೆರಳು ಕಂಡರೂ ಜನ ಉಸಿರು ಬಿಗಿಹಿಡಿದು ಕೂರುತ್ತಿದ್ದರು. ಒಂದೇ ಬಾಳಿನಲ್ಲಿ ಈ ಎರಡು ದಡಗಳನ್ನೂ ಮುಟ್ಟಿದವರು ಅವರು. ಮೂರು ವರ್ಷದ ನಂತರ ಮೈಸೂರಿನಲ್ಲಿ ವ್ಯಾನ್ ಇಂಗೆನ್ ಸಹೋದರರ ಪೈಕಿ ಕೊನೆಯವರಾದ ಜೂಬರ್ಟ್ ನೂರು ತುಂಬಿ ತೀರಿಕೊಂಡರು. ಅವರ ಕಾರ್ಖಾನೆ 1999ರಲ್ಲೇ ಮುಚ್ಚಿತ್ತು. 2022ರ ಗಣತಿಯಲ್ಲಿ ಕರ್ನಾಟಕವೊಂದರಲ್ಲೇ 563 ಹುಲಿಗಳಿವೆ ಎಂಬ ಅಂದಾಜು ಬಂತು.

ಖೆಡ್ಡಾದ ಕಾಲದ ಒಂದು ಜೀವ ಇವರಿಬ್ಬರಿಗಿಂತಲೂ ಹೆಚ್ಚು ದಿನ ಉಳಿಯಿತು. 1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ಸೆರೆಸಿಕ್ಕ ಎಳೆಯ ಗಂಡಾನೆಗೆ ಅರ್ಜುನ ಎಂದು ಹೆಸರಿಟ್ಟಿದ್ದರು. ಕಾರಾಪುರದಿಂದ ಹೆಚ್ಚು ದೂರವಿಲ್ಲದ ಬಳ್ಳೆ ಶಿಬಿರ ಅವನ ಮನೆ. 2012ರಿಂದ 2019ರವರೆಗೆ ಎಂಟು ದಸರೆಗಳಲ್ಲಿ ಚಿನ್ನದ ಅಂಬಾರಿ ಹೊತ್ತು ಮೈಸೂರಿನ ರಾಜಬೀದಿಯಲ್ಲಿ ನಡೆದ. ಲಕ್ಷಾಂತರ ಜನ ಕೈಮುಗಿದರು. ವಯಸ್ಸಾಯಿತೆಂದು ಅಂಬಾರಿ ಇಳಿಸಿದ ಮೇಲೂ ಅವನಿಗೆ ಬಿಡುವು ಸಿಗಲಿಲ್ಲ. ಸಕಲೇಶಪುರದ ಯಸಳೂರು ಕಾಡಿನಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಗೆ ಹೋಗಿ, 2023ರ ಡಿಸೆಂಬರ್ 4ರಂದು ಒಂಟಿಸಲಗದ ಜೊತೆ ಕಾದಾಡಿ ಸತ್ತ. ಅವನ ಮಾವುತ ಆ ದೊಡ್ಡ ದೇಹವನ್ನು ತಬ್ಬಿ ಅತ್ತದ್ದನ್ನು ನಾಡೆಲ್ಲ ಕಂಡಿತು. ಅರ್ಜುನ ಮಣ್ಣಾದದ್ದು ಸತ್ತ ಕಾಡಿನಲ್ಲೇ, ಬಳ್ಳೆಯಿಂದ ಬಹುದೂರದಲ್ಲಿ.

ಈಗಲೂ ಏಪ್ರಿಲ್ ಬಂದರೆ ಕಬಿನಿ ಇಳಿಯುತ್ತದೆ. ಮುಳುಗಿದ ಮರಗಳ ಕಪ್ಪು ಮೋಟುಗಳು ಒಂದೊಂದಾಗಿ ತಲೆಯೆತ್ತುತ್ತವೆ, ಕೆಸರು ಬಿರಿದು ಹುಲ್ಲಾಗುತ್ತದೆ. ಒಂದು ಕಾಲದಲ್ಲಿ ತಮಟೆ ಬಡಿದು, ಬೆಂಕಿ ತೋರಿಸಿ ಆನೆಗಳನ್ನು ಇಳಿಸುತ್ತಿದ್ದ ಹೊಳೆಗೆ ಈಗ ಹಿಂಡುಗಳು ತಾವಾಗಿಯೇ ಇಳಿಯುತ್ತವೆ. ಸಂಜೆ ನಾಲ್ಕರ ಹೊತ್ತಿಗೆ ಮುದಿ ಹೆಣ್ಣಾನೆಯೊಂದು ಮೊದಲು ಕಾಡಿನಂಚಿಗೆ ಬಂದು, ಸೊಂಡಿಲೆತ್ತಿ ಗಾಳಿ ನೋಡಿ, ಸ್ವಲ್ಪ ಹೊತ್ತು ನಿಂತು, ಆಮೇಲೆ ಬಯಲಿಗೆ ಹೆಜ್ಜೆ ಇಡುತ್ತದೆ. ಅದರ ಹಿಂದೆ ಮರಿಗಳು.